ದೀಪದ ಸುತ್ತ ಬಳೆ

...ಇಲ್ಲ, ಆ ಬ್ಯಾಗ್ನ ವಾಪಸ್ ಒಳೀಕೆ ತಗಂಡೋಗ್ಬ್ಯಾಡ. ಹೋದ್ರೆ ನನ್ನಾಣೆ. ಒಂಬತ್ಗಂಟೆ ಬಸ್ಸಿಗೆ ಮೈಸೂರ್ಗೆ ಹೊಂಡ್ತೀಯೆ, ನಾಳೆ ಆ ಎಡಗಣ್ಗೂ ಆಪ್ರೇಸನ್ ಮಾಡಿಸ್ಕಂಡು ಬತ್ತೀಯೆ. ಅಷ್ಟೇಯ.

ಏನಂಗೆ ಮೂಗಲ್ಲಿ ಉಸ್ರು ಬುಡ್ತೀಯೆ? ಬಲಗಣ್ಣಿನ ಆಪ್ರೇಸನ್ ಆಗಿ ಇನ್ನೂ ತಿಂಗ್ಳು ತುಂಬಿಲ್ಲ, ಆಗ್ಲೇ ಡಾಕ್ಟ್ರು ಮೋಸ ಮಾಡವ್ನೆ, ಒಳಗಿರೋ ಲೆನ್ಸ್ ಕಿತ್ತಾಕುಸ್ತೀನಿ ಅಂತ ಬೆಳಗ್ಗಿಂದ ಊರ್ಗೆಲ್ಲ ಸಾರ್ತಾ ಕುಂತಿದ್ದೀಯ. ಯಾಕಪ್ಪಾ? ನೆನ್ನೆ ಮಬ್ಬುಗತ್ಲಲ್ಲಿ ಡೈರಿಗೆ ಹಾಲು ಹಾಕಕ್ಕೆ ಸೈಕಲ್ ತುಳ್ಕಂಡು ಹೋದೆ, ಎದುರ್ಗೆ ಕಬ್ಬಿನ ಲಾರಿ ಬಂತು, ಅದ್ರ ಲೈಟಿನ ಸುತ್ತ ಬಳೆ ಬಳೆಯಾಗಿ ಕಂಡ್ತಂತೆ, ರಸ್ತೆ ಯಾವ್ದು ಚರಂಡಿ ಯಾವ್ದು ತಿಳೀಲಿಲ್ವಂತೆ. ಬಿದ್ದೆ. ಮೊಣಕಾಲು ತರ್ಚ್ತು, ಹಾಲು ಮಣ್ಣಾಯ್ತು. ಅದ್ಕೆ ಇನ್ನೊಂದು ಕಣ್ಣೇ ಬ್ಯಾಡ್ವಾ ನಿಂಗೆ?

ಮೊದ್ಲೇ ಹೇಳಿರ್ಲಿಲ್ವಾ ಆ ಡಾಕ್ಟ್ರು? ನಾನೂ ಪಕ್ಕದಲ್ಲೇ ಕುಂತಿದ್ದೆ. ಮಂಚಯ್ಯನೋರೆ, ಇದು ಹೊಸ ನಮೂನೆ ಲೆನ್ಸು, ನಮ್ಮ ಕಡೆ ಇನ್ನೂ ಬಾಳ ಜನಕ್ಕೆ ಹಾಕಿಲ್ಲ ಅಂದ್ರು. ಹಳೇದು ದೂರದ್ದು ಮಾತ್ರ ತೋರುಸ್ತದೆ, ಓದಕ್ಕೆ ಬರೆಯಕ್ಕೆ ಕನ್ನಡಕ ಬೇಕು ಅಂದ್ರು. ಇದು ಅಂಗಲ್ಲ, ಕಣ್ಣೊಳೀಕೆ ಬರೋ ಬೆಳಕ್ನ ಪಾಲು ಮಾಡ್ತದಂತೆ. ನಾಲೆ ನೀರ್ನ ತೂಬಲ್ಲಿ ಎರಡು ಗದ್ದೆಗೆ ಬುಡಾಕಿಲ್ವಾ, ಅಂಗೆ. ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ರಕ್ಕೆ. ಪಾಲಾದ್ಮೇಲೆ ಮಬ್ಬಲ್ಲಿ ಒಸಿ ಮಸುಕಾಯ್ತದೆ, ದೀಪದ ಸುತ್ತ ಒಸಿ ಕಾಲ ಬಳೆ ಕಾಣ್ತದೆ, ಎರಡು ಕಣ್ಗೂ ಅದೇ ಬಿದ್ರೆ ಬರ್ತಾ ಬರ್ತಾ ಸರಿಯೋಯ್ತದೆ ಅಂತ ಬುಡಿಸಿ ಬುಡಿಸಿ ಹೇಳುದ್ರು. ಊಂ ಊಂ ಅಂದಿದ್ದು ಯಾರು? ನಾನಾ?

ಪಟ್ಟಿ ಬಿಚ್ಚುಸ್ಕಂಡು ಬಂದ ದಿವ್ಸ ಅದೇ ಡಾಕ್ಟ್ರು ದೇವ್ರಾಗಿದ್ರು. ಶ್ರೀರಂಗಪಟ್ಣದ ಸೇತುವೆ ಮ್ಯಾಲೆ ಬಸ್ಸು ಬತ್ತಿದ್ದಂಗೆ, ಅಕಾ ಬಂಡೆ ಮ್ಯಾಲೆ ಕೊಕ್ಕರೆ ಕುಂತದೆ ನೋಡು ಅಂತ ನೀನಂದೆ. ನಾನೂ ಊಂ ಅಂದೆ. ಆಮ್ಯಾಕೆ ನೀನು ಟಿಕೀಟು ಕಣ್ಮುಂದೆ ಹಿಡ್ಕಂಡು ಅಕ್ಸರಕ್ಸರ ಓದ್ದೆ. ನಾಕು ವರ್ಸ ಕೋಲು ಹಿಡ್ಕಂಡಿದ್ದೋನು ನೀನು. ಗದ್ದೆಗೂ ನಾನೇ ಕರ್ಕಂಡೋಗ್ಬೇಕು, ಗಂಜಾಂನಾಗೆ ನಿಮಿಷಾಂಬನ ಗುಡಿ ಮುಂದೆ ಹೊಳೆ ಮೆಟ್ಲು ಇಳಿಯೋಕೂ ನಾನೇ ಕೈ ಕೊಡ್ಬೇಕು. ಆ ದಿನಗೋಳು ಮರ್ತೋದ್ವಾ?

ಹತ್ರದ್ದು ಮಾತ್ರ ಚೆಂದಾಗೇ ಕಾಣ್ತದೆ ನಿಂಗೆ. ಅನ್ನದಲ್ಲಿ ಕಲ್ಲು ಸಿಕ್ಕುದ್ರೆ ತಟ್ಟೆ ಅಂಚಿಗಿಕ್ಕಿ, ಚಿಕ್ಕಬೋರಿ, ಇದೇನೇ, ಇದೇನೇ ಅಂತ ನನ್ನ ಕರ್ದು ಕೇಳ್ತೀಯ. ಕಣ್ಣಿಲ್ದಾಗ ತೆಪ್ಪಗೆ ನುಂಗ್ತಿದ್ದೆ.

ಏನು ಕೆಮ್ತೀಯೆ? ನಗು ಬಂದ್ರೆ ನಕ್ಬುಡು. ನಂಗೇನೂ ನಗು ಬರ್ತಿಲ್ಲ. ಮಗ್ಳು ಪವಿತ್ರ ಪಾಪ, ಗಂಡನ ಮನೆ ಹೊಸಹೊಳಲಿಂದ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ, ಅಪ್ಪನ ಜತೆ ಆಸ್ಪತ್ರೇಲಿ ನಾನಿರ್ತೀನಿ, ಅತ್ತೆ ಹತ್ರ ಕೇಳ್ಕಂಡಿದ್ದೀನಿ ಅಂದವ್ಳೆ. ಆ ಮಗೀನ ಮಾತಿಗಾದ್ರೂ ಬೆಲೆ ಬ್ಯಾಡ್ವಾ?

...ಏನಂದೆ? ಬೀಳೋನು ನಾನು, ನಿಂಗ್ಯಾಕೆ ಇಷ್ಟು ಸಿಟ್ಟು ಅಂತೀಯಾ? ಬತ್ತದೆ. ಸಿಟ್ಟು ಬರ್ದೆ ಇನ್ನೇನು ಬತ್ತದೆ. ಒಂದೂವರೆ ಕಣ್ಣಿನ ಗಂಡನ್ನ ಕಟ್ಕಂಡು ನಾನೇನು ಮಾಡ್ಲಿ? ಈ ಮನೇಗೆ ಪೂರಾ ಕಾಣೋರು ಒಬ್ರು ಬೇಕು ಕಣಯ್ಯಾ. ಒಬ್ರು ಬೇಕೇ ಬೇಕು. ಯಾಕೆ ಅಂತ ಕೇಳ್ಬ್ಯಾಡ. ಹಸ ಅವೆ, ಹೊಲ ಅದೆ... ಯಾಕಿದ್ರೂ ಬೇಕು.

ಈಗ ಬಾಯಿಗೆ ಬೀಗ ಬಿತ್ತಾ? ಬೀಳ್ಲಿ. ಇಕಾ, ಕಾಪಿ ಕುಡಿ. ...ಹಿಡ್ಕೊ. ನನ್ ಬೆರಳು ಸುಡ್ತದೆ. ...ಲೋಟಾನೂ ಇಸ್ಕಳಾಕಿಲ್ವಾ? ಬಾಳ ಚೆನ್ನಾಯ್ತು. ಜಗಲಿ ಕಂಬಕ್ಕೆ ಒರಗ್ಕಂಡು, ಬಿಳೀ ಪಂಚೆ ಉಟ್ಕಂಡು, ಮದುವೆ ಗಂಡಿನಂಗೆ ಬಿಗೀತಾವ್ನೆ. ತಡಿ, ಮಡ್ಲಲ್ಲೇ ಇಟ್ಬುಡ್ತೀನಿ, ಕುಡ್ದೀಯೋ ಚೆಲ್ಲೀಯೋ...

...ಇದೇನಿದು.

ಟವಲ್ಲು. ಬರೀ ಟವಲ್ಲು ನೇತಾಡ್ತದೆ ಕಂಬದಲ್ಲಿ.

ಎಲ್ಲಿದೀಯೆ? ಪವಿತ್ರನಪ್ಪಾ... ಯಾವಾಗೆದ್ದೆ? ಯಾವಾಗಿಂದ ನಾನು ಕಂಬದ ಜತೆ ಜಗಳ ಆಡ್ತಾ ನಿಂತಿದ್ದೀನಿ?

ಓ. ಇಲ್ಲೇ ಇದೀಯಾ. ನಿನ್ನುಸ್ರು ನನ್ ಕೆನ್ನೆಗೆ ತಾಗ್ತದೆ. ಗಲ್ಲ ಬುಡು. ಮುಖಾವ ಬಿಸ್ಲಿಗೆ ಯಾಕೆ ತಿರುಗುಸ್ತೀಯೆ? ಬ್ಯಾಡ... ಅಷ್ಟು ಹತ್ರದಿಂದ ನೋಡ್ಬ್ಯಾಡ.

ಕಂಡ್ತಾ? ನನ್ನೆರಡು ಕಣ್ಣಾಗೂ ಬೆಳ್ಳಗೆ ಕಾಣ್ತದಾ?

ಪಾಂಡವಪುರದ ಕಣ್ಣಿನ ಕ್ಯಾಂಪಲ್ಲಿ ನಿನ್ನ ನೋಡಿದ್ಮೇಲೆ ಒಬ್ಳು ನರ್ಸಮ್ಮ ನಂಗೂ ಬ್ಯಾಟ್ರಿ ಬುಟ್ಟು ನೋಡುದ್ಲು. ಅಮ್ಮಾ ನಿಮ್ಗೂ ಪೊರೆ ಬಲೀತಾ ಅದೆ ಅಂದ್ಲು. ಸುಮ್ಕಿರವ್ವ, ಅವ್ರಿಗೆ ಹೇಳ್ಬ್ಯಾಡ ಅಂತ ಕೈ ಹಿಡ್ಕಂಡೆ. ಹೇಳಿದ್ರೆ ನೀನು, ಮೊದ್ಲು ಅವಳ್ಗೆ ಮಾಡಿ ಅಂತ ಅಲ್ಲೇ ಹಟ ಹಿಡೀತಿದ್ದೆ. ನಿಂಗೆ ಎರಡೂ ಆಗ್ಬುಡ್ಲಿ, ಆಮ್ಯಾಕೆ ನನ್ನ ಕೈ ಹಿಡ್ಕಂಡು ಹೋಗಕ್ಕೆ ಒಬ್ರು ಇರ್ತಾರೆ ಅಂದ್ಕಂಡಿದ್ದೆ. ನೀನು ನೋಡುದ್ರೆ ಬಳೆ ಕಾಣ್ತದೆ, ಕಿತ್ತಾಕ್ಸ್ತೀನಿ ಅಂತೀಯ...

ಏನಾದ್ರೂ ಅನ್ನು. ಬಯ್ಯೋದಾದ್ರೆ ಬಯ್ಯಿ.

...ಎಲ್ಲೋದೆ ಮತ್ತೆ?

...ಏನದು, ನನ್ ಕಾಲತ್ರ ಏನಿಕ್ತಾ ಇದೀಯೆ?

ನನ್ ಚಪ್ಲಿ.

ತಡಿ. ಇಬ್ರೂ ಹೊಂಟ್ಮೇಲೆ ಹಸಗೋಳ್ಗೆ ಹುಲ್ಲು ನೀರು ನೋಡ್ಕಳಕ್ಕೆ ಪಕ್ಕದ್ಮನೆ ಯಶೋದಮ್ಮಂಗೆ ಒಂದ್ಮಾತು ಹೇಳ್ಬುಟ್ಟು ಬಾ, ಹೋಗು.