ಸಿರಿಲ್ ಕಾದು ನಿಂತ ಮಾತು

ಇದು ನಮ್ಮಮ್ಮನ ದೊಡ್ಡಪ್ಪನ ಮಗಳು ಮೇಬಲ್‌ಗೆ ಆಗಿದ್ದು. ಇಲ್ಲೇ, ನಮ್ಮ ಬರ್ನ್ಲಿ ಊರಲ್ಲೇ...

ಮೀನು, ಆಲೂಗಡ್ಡೆ ಕರಿಯೋ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟಿದ್ದಳು. ತೊಟ್ಟ ಕೋಟಿಗೆಲ್ಲ ಮೀನಿಗೆ ಹಾಕೋ ವಿನೆಗರ್ ವಾಸನೆ. ಚರ್ಚಿನ ಹಳೇ ಬಾವಿ ದಾಟಿದರೆ ಒಂದು ಬಯಲು. ಮೊದಲು ಅಲ್ಲಿ ಥಿಯೇಟರ್ ಇತ್ತು. ಕೆಡವಿಬಿಟ್ಟರು. ಈಗ ಬರೀ ಇಟ್ಟಿಗೆ ರಾಶಿ.

ಆ ಥಿಯೇಟರಿನಲ್ಲಿ ಮೇಬಲ್‌ಗೂ ಸಿರಿಲ್ ಪಿಕಪ್ ಅನ್ನೋ ನಟನಿಗೂ ಜೋಡಿ. ವಾರಕ್ಕೊಂದು ನಾಟಕ. ಒಂದು ರಾತ್ರಿ ಲಂಡನ್ನಿನ ದೊಡ್ಡ ಕಂಪನಿಯವರು ನೋಡೋಕೆ ಬಂದಿದ್ದರು. ಕೊನೇ ಅಂಕದಲ್ಲಿ ಮೇಬಲ್‌ಗೆ ಒಂದು ಉದ್ದದ ಮಾತು, ಜನ ಅಳುವಂಥದ್ದು. ಅವಳು ಬಾಯಿ ತೆರೆಯೋ ಮೊದಲೇ ಸಿರಿಲ್ ತನ್ನ ಮಾತು ಶುರು ಮಾಡಿಬಿಟ್ಟ. ಬೇಕಂತಲೇ. ಚಪ್ಪಾಳೆಯೂ ಅವನಿಗೆ, ಲಂಡನ್ನೂ ಅವನಿಗೆ. ಹೋಗಿ ಕಡಿದು ಗುಡ್ಡೆ ಹಾಕಿದ್ದೇನು? ವರ್ಷಗಟ್ಟಲೆ ಆಳಿನ ಪಾತ್ರ. "ಗಾಡಿ ಬಂದಿದೆ, ಸ್ವಾಮಿ." ಅಷ್ಟೇ. ಇಲ್ಲಿ ಇವಳು ಮೀನು ಕರಿದಳು.

ಅಂಗಡಿ ಮುಚ್ಚಿ ಹೊರಟ ಆ ರಾತ್ರಿ, ಬಯಲಿನ ಹತ್ತಿರ ಬಂದಾಗ... ಕಿರ್ರ್... ರಾಟೆಯ ಮೇಲೆ ಹಗ್ಗ ಎಳೆಯೋ ಸದ್ದು. ಪರದೆ ಏಳೋ ಸದ್ದು ಅವಳಿಗೆ ಗೊತ್ತಾಗದೇ?

"ಮೇಬಲ್..."

ಸಿರಿಲ್. ಇಟ್ಟಿಗೆ ರಾಶಿ ಮೇಲೆ ನಿಂತಿದ್ದ. ಮುಖಕ್ಕೆ ಬಣ್ಣ.

"ಏನೋ, ಲಂಡನ್ನಿಂದ ಓಡಿಸಿಬಿಟ್ರಾ?"

"ನಿನ್ನ ಮಾತು ಹೇಳೇ... ಈ ಸಲ ಕಾಯ್ತೀನಿ."

"ಯಾಕೆ?"

"ನೀನು ಹೇಳೋವರ್ಗೂ ನಂಗೆ ರಂಗ ಬಿಟ್ಟು ಹೋಗಕ್ಕಾಗಲ್ಲ ಕಣೇ..."

ನಾಲಿಗೆ ತುದಿಯಲ್ಲೇ ಇತ್ತು, ಒಂದಕ್ಷರ ಬಿಡದೆ. ಅಷ್ಟು ವರ್ಷವೂ ಆಲೂಗಡ್ಡೆ ಹೆಚ್ಚುವಾಗ ಒಳಗೊಳಗೇ ಅದನ್ನೇ ಹೇಳಿಕೊಂಡವಳು.

"ಮರ್ತೋಗಿದೆ," ಅಂದಳು.

ಸುಳ್ಳು. ಹೇಳಿ ನಡೆದುಬಿಟ್ಟಳು.

ಬೆನ್ನ ಹಿಂದೆ... ಟಪ್. ಆಮೇಲೆ ಟಪ್... ಟಪ್ ಟಪ್. ಥಿಯೇಟರಿನಲ್ಲಿ ಜನ ಎದ್ದಾಗ ಕುರ್ಚಿ ಹಲಗೆ ಮಡಚಿಕೊಳ್ಳುತ್ತಲ್ಲ, ಅದು. ಸಾಲುಸಾಲಾಗಿ. ಅವಳು ತಿರುಗಲಿಲ್ಲ.

ಬೆಳಿಗ್ಗೆ ಪತ್ರಿಕೆಯ ಮೂಲೆಯಲ್ಲಿತ್ತು. ಸಿರಿಲ್ ಪಿಕಪ್, ನಟ, ಲಂಡನ್ನಿನ ಬಾಡಿಗೆ ಕೋಣೆಯೊಂದರಲ್ಲಿ ಹಿಂದಿನ ವಾರವೇ ತೀರಿಕೊಂಡಿದ್ದ. "ಅಲ್ಲೇ ನಿಂತ್ಕೊಂಡಿರ್ಲಿ," ಅಂದಳು ಮೇಬಲ್. ಅಳಲಿಲ್ಲ. ಅಂಗಡಿಗೆ ಹೋದಳು, ಆಲೂಗಡ್ಡೆ ಹೆಚ್ಚೋಕೆ ಕೂತಳು. ಎಂದಿನ ಹಾಗೆ ಆ ಮಾತು ಹೇಳಿಕೊಳ್ಳೋಕೆ ಹೋದಳು...

ಬರಲಿಲ್ಲ. ಮೊದಲ ಪದವೂ ಬರಲಿಲ್ಲ.

ಮಿಕ್ಕ ಪಾತ್ರಗಳೆಲ್ಲ ಇವತ್ತಿಗೂ ಅವಳಿಗೆ ಬಾಯಿಪಾಠ, ನಾನೇ ಎದುರು ಕೂತು ಕೇಳಿದ್ದೀನಿ. ಬೇಕಾದರೆ ನಾಳೆ ಕರೆದುಕೊಂಡು ಹೋಗ್ತೀನಿ, ನೀವೇ ಕೇಳಿ. ಅದೊಂದು ಮಾತ್ರ ಇಲ್ಲ.