ಕೊನೆಯ ಹಾಡಿನ ಕೂಗು

ಕಿವಿ ಡಾಕ್ಟರ ಹೊರಕೋಣೆಯಲ್ಲಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಎಡಗಿವಿ ಮಂದ. ಚೆನ್ನಾಗಿ ಕೇಳುವ ಅವಳ ಬಲಕ್ಕೇ ಬಂದು ಕೂತರು ಕಿರುಚಿ ಹಾಡುವ ಹಾರ್ಡ್‌ಕೋರ್ ಪಂಕ್ ಬ್ಯಾಂಡಿನ ಇಬ್ಬರು, ಡ್ರಮ್ಮರ್ ಮತ್ತು ಹಾಡುಗಾರ.

"ಆಲ್ಬಮ್ ಕೇಳ್ದೆ," ಎಂದ ಡ್ರಮ್ಮರ್. "ಕೊನೇ ಹಾಡಲ್ಲಿರೋ ಕೂಗು ನಂದು."

"ಪ್ರಾಕ್ಟೀಸಲ್ಲಿ ರೆಕಾರ್ಡರ್ ಆಫ್ ಮಾಡಲ್ಲ ಅಂತ ನಿಂಗೊತ್ತಲ್ಲ," ಎಂದ ಹಾಡುಗಾರ.

"ಅಪ್ಪ ಹೋದ್ರು ಅಂತ ಫೋನ್ ಬಂದಾಗ ಕೂಗಿದ್ದು ಕಣೋ ಅದು."

"ನಾನು ವರ್ಷಗಟ್ಲೆ ಗಂಟಲು ಹರ್ಕೊಂಡ್ರೂ ಅಂಥದ್ದು ಬರ್ಲಿಲ್ಲ ಮಾರಾಯ. ಎಲ್ರೂ ಅದನ್ನೇ ಹೊಗಳ್ತಿದಾರೆ."

"ತೆಗಿ ಅದನ್ನ."

"ಬಿಡುಗಡೆ ಆಗೋಯ್ತಲ್ಲೋ. ಮುಂದಿನ ವಾರ ಸ್ಟೇಜ್ ಮೇಲೂ ಒಂದ್ಸಲ ಹಂಗೇ ಕೂಗ್ಬಿಡು."

ನರ್ಸ್ ಕರೆದಳು. ಡ್ರಮ್ಮರ್ ಎದ್ದ.

"ಅಮ್ಮನೂ ಕೇಳಿದ್ಲು. ಅವತ್ತು ಮನೇಲಿ ನಾನು ಅಳ್ಲಿಲ್ಲ ಅಂತ ಇನ್ನೂ ನೊಂದ್ಕೊಂಡಿದ್ಲು. ಅಳುನ ಹಾಡಿಗೆ ಅಂತ ಎತ್ತಿಟ್ಕೊಂಡಿದ್ಯಾ, ಅಂದ್ಲು," ಎಂದು ಒಳಗೆ ಹೋದ.