ಏಳನೇ ಗಾಡಿ

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ತೊಂಬತ್ಮೂರರ ಕಿಲ್ಲಾರಿ ಭೂಕಂಪ ಆದ ಮೂರನೇ ರಾತ್ರಿ, ಪಿಂಪ್ರಿಯೊಳಗ ನಮ್ಮ ಚಾಳಿನ ದೇವಾನಂದಗ ಆದದ್ದಿದು.

ಹನ್ನೆರಡು ದಾಟಿತ್ತು. ಗೋದಾಮಿನಿಂದ ಮನಿಗೆ ಒಬ್ಬನ ನಡಕೋತ ಹೊಂಟಿದ್ದ. ಕಿಲ್ಲಾರಿ ಕಡೆ ಹೋಗೂ ಕಂಬಳಿ, ತಾಡಪತ್ರಿ, ಹಿಟ್ಟು... ಯಾವ ಗಾಡಿ ಯಾವ ಊರಿಗೆ ಮೊದಲು ಅನ್ನೂದೆಲ್ಲಾ ಅಂವನ ಕೈಯಾಗ ಇತ್ತು. ಜನ ಹಳೇ ಅರಿವಿ ರಾಶಿ ರಾಶಿ ತಂದು ಒಗದಿದ್ರು. ಕಂಬಳಿ ಮಾತ್ರ ಕಡಿಮಿ. ದಿನಕ್ಕ ಎರಡ ಗಾಡಿ ಹೊಂಡತಿದ್ವು.

ತಂಗಿ ಅನುಸೂಯಾನ್ನ ಕೊಟ್ಟ ಸಣ್ಣ ಊರು, ಆ ವಾಡಿನೂ ಆ ಕಡೇನ. ಸುದ್ದಿ ಏನೂ ಬಂದಿದ್ದಿಲ್ಲ. ಆಕಿಗೆ ಎರಡು ತಿಂಗಳ ಕೂಸು. ಸೋದರಮಾವನ ಕಡಿಂದ ಅಂತ ತಲಿ-ಬೆನ್ನು ಮುಚ್ಚೂ ಕೆಂಪು ಕುಂಚಿಗಿ ಹೊಲಿಸಿ, ದಸರಾಕ್ಕ ಒಯ್ಯಾಕ ಟ್ರಂಕಿನಾಗ ಇಟ್ಟಿದ್ದ. ಹಂಗಿದ್ರೂ, 'ತನ್ನವರಿಗೆ ಮೊದಲು ಕಳಿಸಿದ' ಅಂತ ಯಾರರ ಅಂದಾರು ಅಂತ ಹೆದರಿ, ಆ ವಾಡಿ ಪಾಳಿ ಏಳನೇ ಗಾಡಿಗೆ ಹಚ್ಚಿದ್ದ. ಎಂಥಾ ಹುಚ್ಚ ನೋಡ್ರಿ!

ಆಲದ ಮರದ ಬಾವಿ ಹಂತೇಕ ಬಂದ... ಗಡಗಡಿ ಕಿರ್ರ್... ಅಂತು. ಆ ಬಾವಿಗೆ ಹಗ್ಗನ ಇದ್ದಿದ್ದಿಲ್ಲ. ಆಮ್ಯಾಲ ಟಪ್... ಟಪ್... ಸೆರಗಿನಿಂದ ನೀರು ಬೀಳೂ ಸಪ್ಪಳ.

ಅನುಸೂಯಾ ನಿಂತಿದ್ಲು.

"ಯಾವಾಗ ಬಂದಿ ತಂಗೀ?" ಅಂತ ಕೇಳಿದ.

"ನಮ್ಮದು ಎಷ್ಟನೇ ಗಾಡಿ ಅಣ್ಣಾ?"

"ಏಳನೇದು... ನಾಡದ."

"ಅಲ್ಲೀತನಕ ಕೂಸು ತಡಿಯೂದಿಲ್ಲೋ. ಮಳಿ ಭಾಳ ಅದ."

ಕಣ್ಣು ಮುಚ್ಚಿ ತಗಿಯೂದ್ರಾಗ ಯಾರೂ ಇಲ್ಲ. ಬಾವಿ ಕಟ್ಟಿ ಒಣಗಿತ್ತು.

ಮನಿಗೂ ಹೋಗದ ಗೋದಾಮಿಗೆ ಹೊಳ್ಳಿ ಓಡಿದ. ಡ್ರೈವರ್ ಭೀಮಣ್ಣನ್ನ ಎಬ್ಬಿಸಿ, ತುಂಬಿ ನಿಂತ ಗಾಡಿ ಹೊಂಡಿಸಿ, ತಾನೂ ಹತ್ತಿ ಕುಂತ. ವಾಡಿ ಮುಟ್ಟೂದ್ರಾಗ ಮರುದಿನ ಮಧ್ಯಾಹ್ನ. ಮನಿಗಳೆಲ್ಲಾ ಕಲ್ಲಿನ ಗುಂಪಿ. ತಂಗಿಯ ನೆರಿಮನಿ ಯಂಕವ್ವ ತೊಡಿ ಮ್ಯಾಲ ಅರಿವಿ ಗಂಟು ಇಟಗೊಂಡು ಕುಂತಿದ್ಲು.

"ಭೂಮಿ ನಡುಗಿದ ಹೊತ್ತಿನಾಗನ ನಿನ್ನ ತಂಗಿ ಹೋದ್ಲಪ್ಪಾ. ಮನ್ಯಾಗ ಕೂಸಷ್ಟ ಉಳದಿತ್ತು. ಮಳ್ಯಾಗ ಚೀರಿ ಚೀರಿ... ಹೊಚ್ಚಾಕ ಒಂದು ಒಣಾ ಅರಿವಿ ಇಲ್ಲ. ನಿನ್ನೆ ನಡುರಾತ್ರಿ ತಾನ ಸುಮ್ಮನಾತು. ಮುಟ್ಟಿ ನೋಡಿದ್ರ ಬೆಚ್ಚಗಿತ್ತೋ ಯಪ್ಪಾ! ಹಾಲು ಕುಡ್ಯಾಂಗ ತುಟಿ ಆಡಸ್ತಿತ್ತು. ಬೆಳಗಾಗೂದ್ರಾಗ..."

ಯಂಕವ್ವ ಗಂಟಿನ ಅರಿವಿ ಸರಿಸಿ ಕೂಸಿನ ಮಾರಿ ತೋರಿಸಿದ್ಲು. ದೇವಾನಂದ ಗಾಡಿಂದ ಕಂಬಳಿ ಒಂದು ಎಳದು, ಆ ಗಂಟಿಗೆ ಹೊಚ್ಚಿದ. "ನಾನ ಕೊಂದ್ನೆವ್ವಾ, ನಾನ ಕೊಂದ್ನಿ" ಅಂತ ಮಣ್ಣಾಗ ಬಿದ್ದು ಹೊರಳಿ ಅತ್ತ.

ಎಂಟು ದಿನದ ಮ್ಯಾಲ ಚಾಳಿಗೆ ಬಂದ. ಟ್ರಂಕಿನ ಬೀಗ ಹಾಕಿದ್ದು ಹಾಕಿದ್ಹಾಂಗ. ಕೀಲಿ ಅಂವನ ಉಡದಾರದಾಗ. ತಗದ... ಉಳಿದ ಅರಿವಿ ಎಲ್ಲಾ ಒಣಾನ ಇದ್ವು. ಕುಂಚಿಗಿ ಒಂದ ತೊಯ್ದು ತಪ್ಪಡಿ ಆಗಿತ್ತು. ಹಾಲಿನ ವಾಸನಿ ಹೊಡೀತಿತ್ತು. ಯಾರೂ ಹಾಕದ ಹೊಸಾ ಕುಂಚಿಗಿ ಅದು, ಆದ್ರ ಕೊರಳ ಲಾಡಿ ಗಂಟು ಹಾಕಿತ್ತು.

ಸುಳ್ಳಲ್ರಿ. ಆ ಲಾಡಿ ಗಂಟು ಕೈಯಾರ ಬಿಚ್ಚಿದಾಕಿ ನಮ್ಮವ್ವನ.